ಒಂದು ಗೇಣು ಹೆಚ್ಚಿನ ಬೆಲ್ಟು

ಮೊನ್ನೆ ಹಳೆಯ ಗಾದಿಗಳ ಹತ್ತಿ ಹಿಂಜಿ ಮತ್ತೆ ತುಂಬಲು ಇಮಾಮಸಾಬರು ಮನೆಗೆ ಬಂದಿದ್ದರು. ಅಂಗಳದಲ್ಲಿ ಅರ್ಧ ದಿನ ಹತ್ತಿ ಹಾರಿಸಿ, ನನ್ನನ್ನೂ ನೆರೆಮನೆಯ ಕರಿ ಬೆಕ್ಕನ್ನೂ ಒಂದೇ ಬಣ್ಣಕ್ಕೆ ತಂದ ಮೇಲೆ, ಗಾದಿ ಸುತ್ತಿ ಕಟ್ಟಲು ಏನಾದರೂ ಕೊಡಿ ಎಂದರು. ಮಂಚದ ಕೆಳಗಿನಿಂದ ಒಂದು ಬೆಲ್ಟು ಎಳೆದು ಕೊಟ್ಟೆ. ಸೊಂಟಕ್ಕೆ ಕಟ್ಟುವ ಬೆಲ್ಟಲ್ಲ. ಹಿಟ್ಟಿನ ಗಿರಣಿಯ ಬೆಲ್ಟು. ನಾಲ್ಕು ಬೆರಳು ಅಗಲ, ಉದ್ದ ಒಬ್ಬ ಎತ್ತರದ ಮನುಷ್ಯನಿಗಿಂತ ಒಂದು ಗೇಣು ಹೆಚ್ಚು. ಇಮಾಮಸಾಬರು ಅದನ್ನು ಗಾದಿಗೆ ಸುತ್ತಿ ನೋಡಿದರು.

“ಬಾಯಾರ, ಒಂದ್ ಗೇಣು ಜೋತಾಡಾಕತ್ತೈತ್ರಿ. ಕತ್ತರಿಸಿ ಬಿಡ್ಲೇನ್ರಿ?”

ಅವರ ಕತ್ತರಿ ಆಗಲೇ ಬಾಯಿ ತೆರೆದಿತ್ತು. “ತಡೀರಿ, ಮೊದಲ ಚಾ ಕುಡೀರಿ” ಎಂದು ಒಳಗೆ ಬಂದೆ. ಉತ್ತರ ಗೊತ್ತಿಲ್ಲದಾಗ ಚಹಾ ಮಾಡುವುದು ನಮ್ಮ ಕಡೆಯ ಪದ್ಧತಿ. ಅದು ಕುದಿಯುವಷ್ಟರಲ್ಲಿ ಈ ಬೆಲ್ಟಿನ ವಿಷಯ ನಿಮಗೆ ಹೇಳಿಬಿಡುತ್ತೇನೆ. ಚಹಾ ಉಕ್ಕಿದರೆ ಅದಕ್ಕೆ ನೀವೇ ಹೊಣೆ.

ಬೆಲ್ಟು ನನ್ನ ಅಪ್ಪನದು. ಅವನು ಕೇರಳದ ಕ್ರೈಸ್ತನಾದ್ದರಿಂದ ನಾನು ಅವನನ್ನು ಅಪ್ಪಚ್ಚ ಎನ್ನುತ್ತಿದ್ದೆ. ನೆಟ್ಟ ಕೋಲೂ ಚಿಗುರುವಂಥ ತನ್ನ ಊರನ್ನು ಬಿಟ್ಟು, ಡೀಸೆಲ್ ಎಂಜಿನ್ನು ಕೂರಿಸುವ ಫಿಟ್ಟರನಾಗಿ ಅವನು ಕುಂದಗೋಳ ತಾಲೂಕಿಗೆ ಬಂದ. ಕುಬಿಹಾಳದ ಬಾಜೂಕಿನ ನಮ್ಮ ಸಣ್ಣ ಊರಿನಲ್ಲಿ ಒಂದು ಗಿರಣಿಗೆ ಎಂಜಿನ್ನು ಕೂರಿಸಿದ, ತಾನೂ ಅಲ್ಲೇ ಕೂತುಬಿಟ್ಟ. ಏಕೆ ಎಂದು ಕೇಳಿದರೆ, “ಕರ್ತನು ಕರೆದ” ಎನ್ನುತ್ತಿದ್ದ. ಎರಡು ಫರ್ಲಾಂಗು ದೂರದ ಕೆರೆಯಿಂದ ಉಪ್ಪುಪ್ಪು ನೀರು ಹೊತ್ತು ತಂದು ಕೊಡ ಇಳಿಸುವಾಗಲೆಲ್ಲ ನಮ್ಮಮ್ಮ, ಕರ್ತನಿಗೆ ಕರೆಯಲು ನೀರಿರುವ ಊರು ಯಾವುದೂ ಸಿಗಲಿಲ್ಲವೇ ಎಂದು ಮಲಯಾಳದಲ್ಲಿ ಕೇಳುತ್ತಿದ್ದಳು. ಇಂಥ ಪ್ರಶ್ನೆಗಳಿಗೆ ಅಪ್ಪಚ್ಚನ ಬಳಿ ಒಂದು ವಚನ ಸಿದ್ಧವಿರುತ್ತಿತ್ತು. ವಚನಗಳು ಬೇಕಾದಷ್ಟಿದ್ದವು, ನೀರಿರಲಿಲ್ಲ.

ಅವನು ಕನ್ನಡ ಕಲಿತದ್ದು ಗಿರಣಿಯಲ್ಲಿ. ಗಿರಣಿಗೆ ಬರುವವರೆಲ್ಲ ಹೆಂಗಸರು. ಹಾಗಾಗಿ ಆರಡಿಗೆ ಸ್ವಲ್ಪವೇ ಕಡಿಮೆ ಇದ್ದ, ದಪ್ಪ ಮೀಸೆಯ ನನ್ನ ಅಪ್ಪ ನಮ್ಮೂರ ಅತ್ತೆಯಂದಿರ ಹಾಗೆ ಮಾತಾಡುತ್ತಿದ್ದ. ಎಂಜಿನ್ನು ಕೆಟ್ಟರೆ ನಡುವಿನ ಮೇಲೆ ಕೈಯಿಟ್ಟು “ಅಯ್ಯ ನಮ್ಮವ್ವ, ಇದಕ್ಕೇನ ಬಂತ ಬ್ಯಾನಿ” ಎನ್ನುತ್ತಿದ್ದ. ಹುಬ್ಬಿನ ಮೇಲೆ, ಮೀಸೆಯ ಮೇಲೆ, ಕಿವಿಯ ಒಳಗೆ ಹಿಟ್ಟು. ಅವನ ಬೈಬಲ್ಲು ತೆರೆದರೆ ಮೊದಲು ಜೋಳದ ಹಿಟ್ಟು ಉದುರುತ್ತಿತ್ತು, ಆಮೇಲೆ ದೇವರ ವಾಕ್ಯ.

ಆ ವಾಕ್ಯವನ್ನು ಅವನು ಇಪ್ಪತ್ತು ವರ್ಷ ನಮ್ಮೂರಿಗೆ ಸಾರಿದ. ಸಾರಲು ಆರಿಸಿಕೊಂಡ ಜಾಗ ಎಂಜಿನ್ನಿನ ಪಕ್ಕ. ಪಾಳಿಯಲ್ಲಿ ನಿಂತ ಹೆಂಗಸರು ತಮ್ಮ ಜೋಳ ಹಿಟ್ಟಾಗುವಷ್ಟು ಹೊತ್ತು ಬಹಳ ಭಕ್ತಿಯಿಂದ ತಲೆ ಆಡಿಸುತ್ತಿದ್ದರು. ಆ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುವಂತಿರಲಿಲ್ಲ. ಬುಟ್ಟಿ ತುಂಬಿದೊಡನೆ ತಲೆಗೆ ಸಿಂಬಿ ಇಟ್ಟುಕೊಂಡು ಹೊರಟುಬಿಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕ್ರೈಸ್ತರಾಗಲಿಲ್ಲ. ಬದಲಿಗೆ ಗಿರಣಿಯ ಗೋಡೆಯ ಮೇಲಿದ್ದ ಯೇಸುವಿನ ಕ್ಯಾಲೆಂಡರಿಗೆ ಯಾರೋ ದಿನಾ ಕುಂಕುಮ ಹಚ್ಚಿ ಹೋಗುತ್ತಿದ್ದರು. ಅಪ್ಪಚ್ಚ ದಿನಾ ಒರೆಸುತ್ತಿದ್ದ. ಐದಾರು ವರ್ಷ ಒರೆಸಿ ಸೋತು, ಕರ್ತನಿಗೂ ಊರು ಒಗ್ಗಿತು ಎಂದು ಬಿಟ್ಟುಬಿಟ್ಟ.

ಆದರೆ ರವಿವಾರದ ವಿಷಯದಲ್ಲಿ ಸೋಲಲಿಲ್ಲ. ರವಿವಾರ ಗಿರಣಿ ಬಂದ್. ಲೋಕವನ್ನೇ ಸೃಷ್ಟಿಸಿದವನು ಏಳನೆಯ ದಿನ ವಿಶ್ರಮಿಸಿಕೊಂಡ ಮೇಲೆ, ಜೋಳ ಬೀಸುವವನು ವಿಶ್ರಮಿಸದಿದ್ದರೆ ಹೇಗೆ? ಸೋಮವಾರ ಬಸವಣ್ಣನ ದಿನವೆಂದು ಊರಿನವರು ಎತ್ತು ಹೂಡುತ್ತಿರಲಿಲ್ಲ. ಹೀಗೆ ದೇವರುಗಳ ದಯೆಯಿಂದ ನಮ್ಮೂರಿಗೆ ವಾರಕ್ಕೆ ಎರಡು ರಜೆ. ರವಿವಾರ ಬೀಗರು ಬಂದು ಹಿಟ್ಟು ತೀರಿದ ಮನೆಯವರು ಬಂದು ಗಿರಣಿಯ ಬಾಗಿಲು ಬಡಿದರೆ, ಹುಬ್ಬಳ್ಳಿಯ ಚರ್ಚಿಗೆ ಹೊರಟ ಅಪ್ಪಚ್ಚ ಬಿಳಿ ಪಂಚೆ ಎತ್ತಿ ಕಟ್ಟುತ್ತ, “ಇವತ್ತ ಕೆಲಸ ಪಾಪ ಯವ್ವಾ. ಬೀಗರಿಗೆ ಅನ್ನ ಮಾಡಿ ಹಾಕ್ರಿ” ಎಂದು ಬಸ್ಸು ಹತ್ತುತ್ತಿದ್ದ. ಜೋಳದ ನಾಡಿನಲ್ಲಿ ಬೀಗರಿಗೆ ರೊಟ್ಟಿಯಿಲ್ಲದೆ ಅನ್ನ ಹಾಕುವುದು ಎಷ್ಟು ದೊಡ್ಡ ಪಾಪವೆಂದು ಅವನ ಬೈಬಲ್ಲಿನಲ್ಲಿ ಬರೆದಿರಲಿಲ್ಲ.

ಎಂಜಿನ್ನಿಗೆ ಲಿಂಬೆಹಣ್ಣು ಕಟ್ಟಲು ಸಹ ಬಿಡುತ್ತಿರಲಿಲ್ಲ. ಅದು ಮೂಢನಂಬಿಕೆ. ತಾನು ದಿನಾ ಬೆಳಿಗ್ಗೆ ಎಂಜಿನ್ನಿನ ತಲೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಪ್ರಾರ್ಥಿಸುವುದು ಮಾತ್ರ ನಂಬಿಕೆ. ಎಂಜಿನ್ನು ಇಪ್ಪತ್ತು ವರ್ಷ ದೊಡ್ಡ ತೊಂದರೆಯಿಲ್ಲದೆ ಓಡಿತು, ಅಪ್ಪಚ್ಚ ಕರ್ತನಿಗೆ ಸ್ತೋತ್ರ ಹೇಳುತ್ತ ಬಂದ. ಅವನು ಹೋದ ಮೇಲೆ ಎಂಜಿನ್ನು ಬಿಚ್ಚಿದಾಗ ಹಿಂದಿನ ಗೋಡೆಯ ಮೊಳೆಯಲ್ಲಿ ಒಣಗಿದ ಲಿಂಬೆಹಣ್ಣುಗಳ ಒಂದು ಸರವೇ ಸಿಕ್ಕಿತು. ಅಮ್ಮ ಏನೂ ಗೊತ್ತಿಲ್ಲದವಳ ಹಾಗೆ ಆಕಡೆ ನೋಡಿದಳು.

ಇಂಥ ತಂದೆಯ ಮಗಳಾಗುವುದು ಸುಲಭವೆಂದು ತಿಳಿಯಬೇಡಿ. ಶಾಲೆಯಲ್ಲಿ ನನ್ನ ಹೆಸರು ಸಾರಾ, ಊರಿನಲ್ಲಿ ಗಿರಣಿ ಸಾರವ್ವ. ಹದಿನಾರನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದೆ. ದೇವರಿಲ್ಲ ಎಂಬ ಸಂಗತಿಯನ್ನು ಅದೇ ವರ್ಷದ ಚಳಿಗಾಲದಲ್ಲಿ, ಯಾರ ಸಹಾಯವೂ ಇಲ್ಲದೆ, ನಾನೇ ಕಂಡುಹಿಡಿದಿದ್ದೆ. ಊಟಕ್ಕೆ ಮೊದಲು ಅಪ್ಪಚ್ಚ ಕಣ್ಣು ಮುಚ್ಚಿ ಮಲಯಾಳದಲ್ಲಿ ಉದ್ದುದ್ದ ಪ್ರಾರ್ಥಿಸುವಾಗ ನಾನು ಕಣ್ಣು ತೆರೆದು, ಬಿಸಿ ರೊಟ್ಟಿ ತಣ್ಣಗಾಗಿ ಹಪ್ಪಳವಾಗುವುದನ್ನು ನೋಡುತ್ತ ಕೂರುತ್ತಿದ್ದೆ. ಅದು ನನ್ನ ಕ್ರಾಂತಿ.

ಆಗ ಅಪ್ಪಚ್ಚನಿಗೆ ಕೆಮ್ಮು ಹತ್ತಿತು. ಹಿಟ್ಟಿನವನಿಗೆ ಕೆಮ್ಮು ಇರದೆ ಇನ್ನೇನು ಎಂದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೊದಲು ಟೀಬಿ ಎಂದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಫೋಟೋ ತೆಗೆಸಿದಾಗ ಶ್ವಾಸಕೋಶದ ಕ್ಯಾನ್ಸರ್ ಎಂದರು, ಮನೆಗೆ ಕರೆದುಕೊಂಡು ಹೋಗಿ ಎಂದರು. ಬೀಡಿ ಮುಟ್ಟದ, ಸೆರೆಯ ವಾಸನೆಗೇ ಮುಖ ತಿರುಗಿಸುವ, ದಿನಕ್ಕೆ ಮೂರು ಸಲ ಮೊಣಕಾಲೂರುವ ಮನುಷ್ಯ. ಅತ್ತ ನಮ್ಮೂರಿನಲ್ಲಿ ಕುಣಿ ತೋಡುವ ನಿಂಗಪ್ಪಜ್ಜ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ, ಎಪ್ಪತ್ತರ ವಯಸ್ಸಿನಲ್ಲಿ ಕಬ್ಬು ಸಿಗಿದು ತಿನ್ನುತ್ತಿದ್ದ. ದೇವರಿಲ್ಲ ಎಂಬ ನನ್ನ ಸಂಶೋಧನೆಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ಪುರಾವೆ ಸಿಕ್ಕಿದ್ದಕ್ಕೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಆ ರೋಗದ ಒಂದು ವಿಚಿತ್ರವೆಂದರೆ, ಅಪ್ಪಚ್ಚನಿಗೆ ಮಲಗಲು ಬರುತ್ತಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಉಸಿರು ನಿಲ್ಲುತ್ತಿತ್ತು. ಪಡಸಾಲೆಯಲ್ಲಿ ಎರಡು ಜೋಳದ ಚೀಲಗಳಿಗೆ ಒರಗಿಸಿ, ಕಾಲು ಮಡಚಿ ಕೂರಿಸಿದೆವು. ಎರಡು ತಿಂಗಳು ಹಗಲೂ ಇರುಳೂ ಹಾಗೇ ಕೂತ. ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳಿದರು, ಒಬ್ಬರದು ಇನ್ನೊಬ್ಬರದಕ್ಕೆ ವಿರುದ್ಧ. ಬಾಗಿಲ ಹೊರಗೆ ಹೋಗಿ ಮಾತ್ರ ಎಲ್ಲರೂ ಒಂದೇ ಮಾತು ಆಡಿಕೊಂಡರು.

“ಹೆಂಗ ಕುಂತಾನ ನೋಡ್ರಿ. ಅಗದಿ ಶರಣರು ಕುಂತಂಗ. ದೊಡ್ಡ ಜೀವ ಬಿಡ್ರಿ.”

ನೋವಿನಿಂದ ಕೂತವನನ್ನು ಧ್ಯಾನಕ್ಕೆ ಕೂತಿದ್ದಾನೆಂದು ಊರು ತಿಳಿಯಿತು. ಇಪ್ಪತ್ತು ವರ್ಷ ಬಾಯಿಬಿಟ್ಟು ಸಾರಿದಾಗ ಹುಟ್ಟದ ಗೌರವ, ಬಾಯಿ ಮುಚ್ಚಿ ಕೂತಾಗ ಹುಟ್ಟಿತು.

ಗಿರಣಿಯ ಜಾಗದ ಒಡತಿ ಶಾಂತವ್ವಕ್ಕ ಮಾತ್ರ ಔಷಧ ಹೇಳಲಿಲ್ಲ. ಒಂದು ಮಧ್ಯಾಹ್ನ ಬಂದು ಅಮ್ಮನ ಬಾಜೂಕ ಕೂತು, ಸೆರಗಿನ ತುದಿ ತಿರುವುತ್ತ ಕೇಳಿದಳು.

“ನಿಮ್ಮಂದಿ ಮಣ್ಣಿಗೇ ಕೊಡ್ತೀರೆಲ್ಲೇನ? ನಾವೂ ಮಣ್ಣಿಗೇ ಕೊಡೂದು. ಹುಬ್ಬಳ್ಳಿತನಾ ಯಾಕ ಒಯ್ತೀರಿ? ನಮ್ಮ ಹೊಲದಾಗ ನಮ್ಮವರು ಒಬ್ಬರ ಅದಾರ. ಅವರ ಬಾಜೂಕ ಇರ್ಲಿ. ಮಾತಿಗಾದ್ರೂ ಆದೀತು.”

ಅವಳ ಗಂಡ ತೀರಿ ಏಳೆಂಟು ವರ್ಷವಾಗಿತ್ತು. ಅಮ್ಮ ಅವಳ ಕೈ ಹಿಡಿದುಕೊಂಡಳು. ಒಳಗಿನಿಂದ ಅಪ್ಪಚ್ಚ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಸಮಾಧಾನ ಕಂಡಿತು, ಮರುಕ್ಷಣ ಚಿಂತೆ ಕಂಡಿತು. ಆ ಚಿಂತೆಗೆ ಕಾರಣವಿತ್ತು. ನಮ್ಮೂರಿನ ಲಿಂಗಾಯತರು ಹೂಳುವುದು ಹೌದು, ಆದರೆ ಕೂರಿಸಿ ಹೂಳುತ್ತಾರೆ. ಚೌಕ ಕುಣಿ ತೋಡಿ, ಒಂದು ಗೋಡೆಯಲ್ಲಿ ಗೂಡು ಕೊರೆದು, ಆ ಗೂಡಿನಲ್ಲಿ ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ನಿಂಗಪ್ಪಜ್ಜ ಹುಟ್ಟಿದಂದಿನಿಂದ ತೋಡಿದ್ದು ಅಂಥ ಕುಣಿಗಳನ್ನೇ.

ಮರುದಿನ ಅಪ್ಪಚ್ಚ ಗೋಡೆ ಹಿಡಿದು ಎದ್ದು ನಿಂತ. ಗಿರಣಿಯ ಹಳೆಯ ಬೆಲ್ಟು ತರಿಸಿದ. ಒಂದು ತುದಿಯನ್ನು ತನ್ನ ನೆತ್ತಿಗೆ ಹಿಡಿಯಲು ನನಗೆ ಹೇಳಿ, ಇನ್ನೊಂದನ್ನು ಹಿಮ್ಮಡಿಯಿಂದ ಮುಂದಕ್ಕೆ ಒಂದು ಗೇಣು ಬಿಟ್ಟು ಕತ್ತರಿಸಲು ಅಮ್ಮನಿಗೆ ಹೇಳಿದ. ಮತ್ತೆ ಚೀಲಕ್ಕೊರಗಿ, ಉಸಿರು ಕೂಡಿಸಿಕೊಂಡು, ಮಗಳೇ ಎಂಬುದನ್ನು ಮಾತ್ರ ಮಲಯಾಳದಲ್ಲಿಟ್ಟು, ಮಾತಾಡಿದ.

“ಮೋಳೇ, ಇದನ್ನ ನಿಂಗಪ್ಪಗ ಕೊಡು. ನಮ್ಮವರನ್ನ ಮಲಗಸ್ತಾರ ಅಂತ ಹೇಳು. ತಲಿ ಪಡುವಲಕ್ಕ, ಕಾಲು ಮೂಡಲಕ್ಕ. ಕರ್ತನು ಮೂಡಲದಿಂದ ಬಂದಾಗ ಎದ್ದು ಕುಂತ್ರ ಎದುರಿಗೇ ಕಾಣಬೇಕು.”

“ಈ ಒಂದ್ ಗೇಣು ಯಾಕ?”

“ಕಾಲು ಚಾಚಾಕ.” ಅವನು ನಗಲು ನೋಡಿದ, ಕೆಮ್ಮು ಬಂತು. “ಕುಂತು ಕುಂತು ಸಾಕಾಗೇತಿ ನನ್ನವ್ವ.”

ನಾನು ಬೆಲ್ಟು ಸುತ್ತಿಕೊಂಡು ಹೊರಟೆ. ಜೀವಂತ ತಂದೆಯ ಕುಣಿಯ ಅಳತೆ ಹಿಡಿದುಕೊಂಡು ಊರ ನಡುವಿನ ದಾರಿಯಲ್ಲಿ ಹೋಗುವುದು ಹೇಗಿರುತ್ತದೆಂದು ವರ್ಣಿಸುವುದಿಲ್ಲ. ನಾಸ್ತಿಕಳಾದ ನಾನು ಕರ್ತನು ಬರುವ ದಿಕ್ಕನ್ನು ಬೀಡಿ ಸೇದುವ ಮುದುಕನಿಗೆ ವಿವರಿಸಬೇಕಿತ್ತು. ನಿಂಗಪ್ಪಜ್ಜನ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. ಎಲ್ಲರೂ ನನ್ನ ಕೈಯಲ್ಲಿದ್ದ ಬೆಲ್ಟು ನೋಡಿದರು.

“ಅಪ್ಪ ಕೊಟ್ಟಾನ್ರಿ. ಅಳತಿ” ಎಂದಷ್ಟೇ ಹೇಳಿ, ಅವನ ಮಡಿಲಿಗೆ ಬೆಲ್ಟು ಹಾಕಿ, ಓಡಿಬಂದೆ.

“ಹೇಳಿದೇನ ಮೋಳೇ?” ಎಂದು ಅಪ್ಪಚ್ಚ ಕೇಳಿದ.

“ಹೇಳಿದೆ.”

“ಎಲ್ಲಾನೂ?”

“ಎಲ್ಲಾನೂ.”

ಅವನು ಕಣ್ಣು ಮುಚ್ಚಿ ಸ್ತೋತ್ರ ಹೇಳಿದ. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಹತ್ತು ದಿನ ದಿನಾ ಅಂದುಕೊಂಡೆ. ಹನ್ನೊಂದನೆಯ ದಿನ, ಶನಿವಾರ ಸಂಜೆ, ಅಪ್ಪಚ್ಚ ಜೋಳದ ಚೀಲಕ್ಕೆ ಒರಗಿ ಕೂತಲ್ಲೇ ತೀರಿಕೊಂಡ. ಆ ಗದ್ದಲದಲ್ಲಿ ಬೆಲ್ಟು ನನ್ನ ನೆನಪಿಗೇ ಬರಲಿಲ್ಲ.

ಹೀಗಾಗಿ ಮಣ್ಣು ಮಾಡುವ ದಿನ ರವಿವಾರವೇ ಬಂತು. ಇಪ್ಪತ್ತು ವರ್ಷ ಊರಿಗೆ ಬಲವಂತದ ರಜೆ ಕೊಟ್ಟವನು ಊರನ್ನು ಕೆಲಸಕ್ಕೆ ಹಚ್ಚಲು ಆರಿಸಿದ್ದು ಆ ದಿನವನ್ನೇ. ಹುಬ್ಬಳ್ಳಿಯ ಪಾದ್ರಿಗಳು ಮುಂಜಾನೆಯ ಆರಾಧನೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದರು, ಐದರ ಬಸ್ಸಿಗೆ ಹಿಂದಿರುಗಬೇಕೆಂದು ಬಂದೊಡನೆ ಹೇಳಿದರು. ಊರ ಬಡಿಗೇರ ಮೌನೇಶಪ್ಪ ಪೆಟ್ಟಿಗೆ ಮಾಡಿದ್ದ. ಅವನು ಕಾಳಿನ ಪೆಟ್ಟಿಗೆ ಬಿಟ್ಟು ಬೇರೆ ಪೆಟ್ಟಿಗೆ ಮಾಡಿದವನಲ್ಲ; ರೂಢಿಯಂತೆ ಮುಚ್ಚಳಕ್ಕೆ ಚಿಲಕವನ್ನೂ ಬೀಗ ಹಾಕುವ ಕೊಂಡಿಯನ್ನೂ ಜೋಡಿಸಿದ್ದ. ಪಾದ್ರಿಗಳು ಆ ಚಿಲಕವನ್ನು ಒಮ್ಮೆ ತೆಗೆದು ಹಾಕಿ ನೋಡಿದರು.

ಶಾಂತವ್ವಕ್ಕನ ಹೊಲಕ್ಕೆ ಹೋದೆವು. ಬೇಸಿಗೆಯ ಎರೆಭೂಮಿ ಕೈ ಹೋಗುವಷ್ಟು ಬಿರಿದಿತ್ತು. ಅವಳ ಗಂಡನ ಗದ್ದುಗೆಯ ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ, ಅದರಾಚೆ ಕುಣಿ. ನಾಲ್ಕು ಮೂಲೆ ಸರಿಯಾಗಿ ತೀಡಿದ ಚೌಕ ಕುಣಿ. ಪಡುವಣ ಗೋಡೆಯಲ್ಲಿ ಗೂಡು. ಗೂಡಿನ ಬಾಯಿಗೆ ನಾಲ್ಕು ಬಿಲ್ವಪತ್ರೆ ಬೇರೆ.

ಪೆಟ್ಟಿಗೆ ಹೊತ್ತವರು ನಿಂತುಬಿಟ್ಟರು. ಪೆಟ್ಟಿಗೆ ಹೇಗೆ ಹಿಡಿದರೂ ಕುಣಿಗಿಂತ ಮೊಳಗಟ್ಟಲೆ ಉದ್ದ. ಪಾದ್ರಿಗಳು ಪುಸ್ತಕ ಮುಚ್ಚಿದರು.

“ಇದೇನಿದು? ಅಳತೆ ಕೊಟ್ಟಿರಲಿಲ್ಲವೇ?”

“ಕೊಟ್ಟಿದ್ರಲ್ರಿ” ಎಂದ ನಿಂಗಪ್ಪಜ್ಜ, ಹೆಗಲಿನಿಂದ ಬೆಲ್ಟು ತೆಗೆದು ಕುಣಿಯೊಳಗೆ ಇಳಿಬಿಟ್ಟ. ಬೆಲ್ಟಿನ ಮೇಲಿನ ತುದಿ ನೆಲಕ್ಕೆ ಸರಿಯಾಗಿ ನಿಂತಿತು. “ನೋಡ್ರಿ, ಆಳ ಒಂದ್ ಬೆರಳು ಹೆಚ್ಚಿಲ್ಲ, ಕಡಿಮಿ ಇಲ್ಲ. ಹುಡುಗಿ ಅಳತಿ ಅಂದ್ಲು. ಅಂವಾ ಎರಡ್ ತಿಂಗಳು ಕುಂತಿದ್ದ. ಕುಂತಾಂವಗ ಕುಂದರಾಕ ತೋಡಿದ್ನಿ. ಗೂಡೂ ದೊಡ್ಡದ ಮಾಡೀನಿ, ಎತ್ತರದ ಆಳು ಅಂತ.”

ಎಲ್ಲರೂ ನನ್ನತ್ತ ತಿರುಗಿದರು. ದೇವರಿಲ್ಲವೆಂದು ಧೈರ್ಯದಿಂದ ಕಂಡುಹಿಡಿದವಳು ನಾನು. ಆಗ ನೆಲ ಇನ್ನೊಂದಿಷ್ಟು ಬಿರಿದು ನನ್ನನ್ನು ನುಂಗಲಿ ಎಂದು ಯಾರನ್ನೋ ಬೇಡಿಕೊಂಡೆ.

“ನಾನ ಹೇಳಿಲ್ರಿ” ಎಂದೆ. “ಮಲಗಸ್ತಾರ ಅಂತ ಹೇಳಂದಿದ್ದ. ನಾ ಹೇಳಲಿಲ್ಲ. ಹೇಳೀನಿ ಅಂತ ಅವಗ ಸುಳ್ಳ ಹೇಳಿದೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಇರ್ಲಿ ಬಿಡ್ರಿ. ಅವನೂ ಶರಣರಂಗ ಕುಂತಿದ್ದ, ಕುಂತ ಹೋಗ್ಲಿ. ಮಣ್ಣೊಳಗ ಕುಂತ್ರೇನು, ಮಲಗಿದ್ರೇನು?”

ಪಾದ್ರಿಗಳು ಅದು ಸಾಧ್ಯವಿಲ್ಲವೆಂದು ಪುನರುತ್ಥಾನದ ವಿಷಯ ತೆಗೆದರು, ನಡುವೆ ಗಡಿಯಾರ ನೋಡಿದರು. ಆಗ ಅಮ್ಮ ಮುಂದೆ ಬಂದಳು. ಊರಿನ ನಾಲ್ಕು ಗಂಡಸರ ಮುಂದೆ ಅಮ್ಮ ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಅವರು ಮಲಗಬೇಕ್ರಿ. ಎರಡ್ ತಿಂಗಳಾತು, ಮಲಗಿಲ್ಲ.”

ಅಷ್ಟೇ. ಕರ್ತನೂ ಇಲ್ಲ, ದಿಕ್ಕೂ ಇಲ್ಲ. ನಿಂಗಪ್ಪಜ್ಜ ಕಿವಿಯ ಸಂದಿಯ ಬೀಡಿ ತೆಗೆದು ನೆಲಕ್ಕಿಟ್ಟ, ರುಮಾಲು ಬಿಗಿದ, ಹಾರೆ ತೆಗೆದುಕೊಂಡು ಕುಣಿಗೆ ಇಳಿದ.

“ಗೂಡಿನ ಕಡಿಂದ ಹೊಡಿಯೂಣು ಬರ್ರಿ. ಅರ್ಧ ಕೊರದದ್ದ ಐತಿ.”

ಇಬ್ಬರು ಇಳಿದರು, ನಾಲ್ವರು ಇಳಿದರು. ಮೇಲಿನ ಮಣ್ಣು ಕಲ್ಲು, ಕೆಳಗಿನದು ಅಂಟು. ಶಾಂತವ್ವಕ್ಕ ಸೆರಗು ಸಿಗಿಸಿಕೊಂಡು ಬುಟ್ಟಿ ಹಿಡಿದು ನಿಂತಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಹತ್ತು ನಿಮಿಷದಲ್ಲಿ ನಮ್ಮೂರ ಹೆಂಗಸರ ಪಾಳಿ ಹತ್ತಿತ್ತು, ಗಿರಣಿಯ ಮುಂದೆ ಹಚ್ಚುತ್ತಿದ್ದ ಅದೇ ಪಾಳಿ. ಇಪ್ಪತ್ತು ವರ್ಷ ಹಿಟ್ಟು ಹೊತ್ತ ಬುಟ್ಟಿಗಳಲ್ಲಿ ಮಣ್ಣು ಹೊತ್ತರು. ಪಾದ್ರಿಗಳು ಸ್ವಲ್ಪ ಹೊತ್ತು ನೋಡಿ, ಬೂಟು ಕಳಚಿ, ನಿಲುವಂಗಿ ಎತ್ತಿ ಕಟ್ಟಿ, ತಾವೂ ಒಂದು ಬುಟ್ಟಿ ಹಿಡಿದರು. ಐದರ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯಿತು. ಯಾರೂ ತಲೆ ಎತ್ತಲಿಲ್ಲ. ರವಿವಾರ ಕೆಲಸ ಮಾಡಿದರೆ ಪಾಪವೆಂದು ಹೇಳುವವನು ಅಲ್ಲಿದ್ದ, ಆದರೆ ಅವನ ಪೆಟ್ಟಿಗೆಗೆ ಚಿಲಕ ಹಾಕಿತ್ತು.

ಕೊನೆಗೆ ಗುದ್ದಲಿ ನಿಂತಿತು. “ಸಾಕ್ ಬಿಡಜ್ಜ, ಪೆಟ್ಟಿಗಿ ಹಿಡೀತೈತಿ” ಎಂದ ಮೌನೇಶಪ್ಪ.

ನಿಂಗಪ್ಪಜ್ಜ ಬೆಲ್ಟನ್ನು ಕುಣಿಯ ನೆಲದ ಮೇಲೆ ಉದ್ದಕ್ಕೆ ಹಾಸಿದ. ಮೂಡಣ ಗೋಡೆಗೆ ತಾಗಿ ಒಂದು ಗೇಣು ಬೆಲ್ಟು ಮೇಲಕ್ಕೆ ಮಡಚಿ ನಿಂತಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ.

“ಇದೊಂದ್ ಗೇಣು ಯಾಕ ಬಿಟ್ಟಾನವಾ? ಇದನ್ನಾದ್ರೂ ಹೇಳ.”

“ಕಾಲು ಚಾಚಾಕ ಅಂತ್ರಿ” ಎಂದೆ.

“ಪೆಟ್ಟಿಗಿ ಒಳಗ ಇದ್ದಾಂವ ಹೊರಗ ಹೆಂಗ ಚಾಚ್ತಾನಜ್ಜ?” ಎಂದ ಮೌನೇಶಪ್ಪ.

“ಅದು ಅವಗ ಬಿಟ್ಟದ್ದು” ಎಂದು ನಿಂಗಪ್ಪಜ್ಜ ಮತ್ತೆ ಹಾರೆ ಎತ್ತಿದ. ಆ ಒಂದು ಗೇಣನ್ನು ಅವನೊಬ್ಬನೇ ತೋಡಿದ. ಬೆಲ್ಟು ಚಪ್ಪಟೆಯಾಗಿ ನೆಲಕ್ಕೆ ಕೂತಾಗ ಅದನ್ನು ತೆಗೆದು, ಮಣ್ಣು ಜಾಡಿಸಿ, ಮೇಲಿದ್ದ ನನ್ನ ಕೈಗೆ ಕೊಟ್ಟ. ಆಮೇಲೆ ಎಲ್ಲರೂ ಸೇರಿ ಅಪ್ಪಚ್ಚನನ್ನು ಇಳಿಸಿ ಮಲಗಿಸಿದರು. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಪಕ್ಕದಲ್ಲಿ ಶಾಂತವ್ವಕ್ಕನ ಗಂಡ ಇನ್ನೂ ಕೂತೇ ಇದ್ದಾರೆ. ಒಬ್ಬರು ಕೂತು ಕೇಳುವುದು, ಒಬ್ಬನು ಮಲಗಿ ಸಾರುವುದು. ಎಂಜಿನ್ನಿನ ಸದ್ದಿಲ್ಲದಿರುವುದರಿಂದ ಅವರಿಗಾದರೂ ಸರಿಯಾಗಿ ಕೇಳಿಸುತ್ತಿರಬಹುದು.

ಚಹಾ ಉಕ್ಕಿತು. ಒಲೆ ಒರೆಸಿ, ಉಳಿದಷ್ಟನ್ನು ಸೋಸಿಕೊಂಡು ಅಂಗಳಕ್ಕೆ ಬಂದೆ. ಇಮಾಮಸಾಬರು ಒಂದು ಗುಟುಕು ಕುಡಿದು ಮತ್ತೆ ಕತ್ತರಿಗೆ ಕೈ ಹಾಕಿದರು.

“ಹಂಗಾರ ಕತ್ತರಿಸ್ಲೇನ್ರಿ ಬಾಯಾರ? ಈ ಒಂದ್ ಗೇಣು ಗಾದಿಗೆ ಬೇಕಾಗಿಲ್ರಿ.”

“ಗಾದಿಗೆ ಬ್ಯಾಡ್ರಿ” ಎಂದೆ. “ಅದು ಕಾಲು ಚಾಚಾಕ. ಹಂಗ ಇರ್ಲಿ.”

ಈ ಸಲ ಎಲ್ಲಾನೂ ಹೇಳಿದೆ.